ನೀಲಿ ಹೂವಿನ ಪಿಂಗಾಣಿ

ಓವನ್ ಬಾಗಿಲು ತೆರೆಯಬೇಡಿ ಎಂಬ ಮಾತು ಇನ್ನೂ ನನ್ನ ಬಾಯಲ್ಲೇ ಇತ್ತು, ಅಷ್ಟರಲ್ಲಿ ಅತ್ತೆ ತೆರೆದೇಬಿಟ್ಟರು.

"ಸ್ವಲ್ಪ ಇಣುಕಿದೆ ಅಷ್ಟೇ. ನೀವೇನು ಗಾಬರಿ ಆಗ್ಬೇಡಿ," ಎಂದರು.

ಬೇಯುವ ಕೇಕಿಗೆ ತಣ್ಣನೆ ಗಾಳಿ ತಗುಲಿದರೆ ನಡು ಕುಸಿಯುತ್ತದೆ ಎಂದು ಅವರಿಗೆ ಗೊತ್ತು. ಗೊತ್ತಿದ್ದೇ ಪ್ರತಿವರ್ಷ ತೆರೆಯುತ್ತಾರೆ. ಒಣಹಣ್ಣು ನೆನೆಸಿ, ಬೆಣ್ಣೆ ಸಕ್ಕರೆ ತಿಕ್ಕಿ ತಿಕ್ಕಿ ನನ್ನ ರಟ್ಟೆ ಬಿದ್ದುಹೋಗಿರುತ್ತದೆ. ಇವರು ಎಲ್ಲರೆದುರು ಆ ಗುಳಿಯನ್ನು ಚಮಚದಿಂದ ತಟ್ಟಿ, "ಪರವಾಗಿಲ್ಲ, ತಿನ್ನಬಹುದು" ಎನ್ನುತ್ತಾರೆ. ನಾನು ಹಲ್ಲು ಕಚ್ಚಿಕೊಂಡು ನಗುತ್ತೇನೆ. ಮದುವೆಯಾದಾಗಿನಿಂದ ವರ್ಷದ ಕೊನೆಯ ರಜೆಯ ಊಟ ನಮ್ಮಿಬ್ಬರ ನಡುವೆ ಹೀಗೇ ನಡೆದುಬಂದಿದೆ. ಅಡುಗೆಮನೆ ನನ್ನದು, ಮೇಜು ಅವರದು, ಹೊಟ್ಟೆಯುರಿ ಇಬ್ಬರದ್ದೂ.

ಆದರೂ ಸಹಿಸಿಕೊಂಡಿದ್ದೆ, ಅದಕ್ಕೊಂದು ಕಾರಣವಿತ್ತು. ಷೋಕೇಸಿನಲ್ಲಿ ಅತ್ತೆಯ ಅಜ್ಜಿಯ ಕಾಲದ ಪಿಂಗಾಣಿ ತಟ್ಟೆಗಳಿವೆ. ಅಂಚಿನಲ್ಲಿ ಸವೆದುಹೋದ ಚಿನ್ನದ ಗೆರೆ, ನಡುವೆ ನೀಲಿ ಹೂವು. ಬೆಳಕಿಗೆ ಹಿಡಿದರೆ ಆಚೆ ಬದಿಯ ಬೆರಳಿನ ನೆರಳು ಕಾಣುವಷ್ಟು ತೆಳು. ರಜೆಯ ಊಟಕ್ಕೆ ಅತ್ತೆ ಅವನ್ನು ತಾವೇ ಒರೆಸಿ ಇಡುತ್ತಾರೆ, ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ನನ್ನ ಗಂಡನ ಆಫೀಸಿನ ಸಾಹೇಬರಿಗೊಂದು, ಅವರ ಹೆಂಡತಿಗೊಂದು, ನನಗೊಂದು. ತಮಗೂ ತಮ್ಮ ಮಕ್ಕಳಿಗೂ ಮಾತ್ರ ದಿನಾ ಉಣ್ಣುವ ಸ್ಟೀಲ್ ತಟ್ಟೆ. ಬಾಯಲ್ಲಿ ಏನೇ ಇರಲಿ, ಮನಸ್ಸಿನಲ್ಲಿ ಮರ್ಯಾದೆ ಇಟ್ಟಿದ್ದಾರೆ ಎಂದು ನಾನು ಉಬ್ಬಿಹೋಗಿದ್ದೆ. ತವರಿಗೆ ಫೋನ್ ಮಾಡಿ ಅಮ್ಮನ ಹತ್ತಿರ ಕೊಚ್ಚಿಕೊಂಡಿದ್ದೂ ಉಂಟು.

ಈ ಸಲ ಸಾಹೇಬರು ಬರಲಿಲ್ಲ. ಹೊಸದಾಗಿ ಮದುವೆಯಾದ ನಾದಿನಿ ಗಂಡನನ್ನು ಕರೆದುಕೊಂಡು ಬಂದಿದ್ದಳು. ಕುಸಿದ ಕೇಕಿನ ಗುಳಿಗೆ ಕ್ರೀಮ್ ತುಂಬಿ ಹೊರಗೆ ತಂದೆ. ಅತ್ತೆ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಕರವಸ್ತ್ರ ಮಡಿಸಿಟ್ಟು, ಐದು ಜನಕ್ಕೆ ತಟ್ಟೆ ಜೋಡಿಸಿದ್ದರು. ನಾಲ್ಕು ಸ್ಟೀಲ್. ಪಿಂಗಾಣಿ ಒಂದೇ, ಅದು ನನ್ನ ಜಾಗದಲ್ಲಿತ್ತು.

ಅಳಿಯನನ್ನು ನೋಡಿ ಪಾಪ ಅನ್ನಿಸಿತು. "ಅತ್ತೆ, ಹೊಸ ಅಳಿಯಂಗೆ ಸ್ಟೀಲ್ ತಟ್ಟೇನಾ? ನಂದು ಅವರಿಗೆ ಕೊಡಿ," ಎಂದೆ.

"ಅವನಿಗ್ಯಾಕೆ?" ಅತ್ತೆಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಅವನು ಮನೆಯವನಲ್ವಾ? ಪಿಂಗಾಣಿ ಇರೋದು ಹೊರಗಿನವರಿಗೆ."

ನಾದಿನಿ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಳು. ನನ್ನ ಗಂಡ ನೀರು ಕುಡಿಯತೊಡಗಿದ. ಕಷ್ಟದ ಮಾತು ಬಂದಾಗಲೆಲ್ಲ ಅವನಿಗೆ ಬಾಯಾರಿಕೆ. ಅಣ್ಣತಂಗಿ ಇಬ್ಬರಿಗೂ ಇದು ಚಿಕ್ಕಂದಿನಿಂದ ಗೊತ್ತಿತ್ತು, ಒಬ್ಬರೂ ನನಗೆ ಬಾಯಿಬಿಟ್ಟು ಹೇಳಿರಲಿಲ್ಲ.

"ಕೂತ್ಕೊಳ್ಳಿ, ಆರ್ಹೋಗತ್ತೆ," ಎಂದರು ಅತ್ತೆ. ಕೂತ್ಕೊಳ್ಳಿ! ಮೊನ್ನೆ ಬಂದ ಅಳಿಯನಿಗೆ "ಬಾರೋ, ಕೂತ್ಕೋ". ನನಗೆ ಮಾತ್ರ ಮದುವೆಯ ದಿನದಿಂದ ನೀವು, ತಾವು. ಅದನ್ನೂ ಮರ್ಯಾದೆ ಎಂದೇ ತಿಳಿದಿದ್ದೆನಲ್ಲ, ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ. ನಾಚಿಕೆಯಿಂದ ಕಿವಿ ಕಾದುಹೋಯಿತು.

ಕೂತೆ. ಕೇಳಿ ಕೇಳಿ ಬಡಿಸಿಕೊಂಡು ಹೊಟ್ಟೆ ತುಂಬ ತಿಂದೆ. ಊಟ ಮುಗಿದೊಡನೆ ಎದ್ದು ತಟ್ಟೆ ಒಟ್ಟುಮಾಡುವವಳು ಪ್ರತಿವರ್ಷ ನಾನೇ. ಈ ಸಲ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

"ಏಳ್ತೀರಾ? ತಟ್ಟೆ ತೆಗೀಬೇಕಲ್ಲ," ಎಂದರು ಅತ್ತೆ.

"ನೆಂಟರ ಕೈಲಿ ಎಂಜಲು ತೆಗೆಸ್ತಾರಾ ಅತ್ತೆ?"

ಅವರ ಮೂಗಿನ ತುದಿ ಕೆಂಪಾಯಿತು. ಆದರೆ ಅವರೇನು ಕಮ್ಮಿಯಲ್ಲ. ಎದ್ದು ಬಂದು ನನ್ನ ಮುಂದಿನ ಪಿಂಗಾಣಿ ತಟ್ಟೆ ಎತ್ತಿಕೊಂಡರು.

"ನಾನೇ ತೆಗೀತೀನಿ ಬಿಡಿ. ನೆಂಟರು ಅಂದ್ಮೇಲೆ ಒಂದಲ್ಲ ಒಂದಿನ ಹೊರಡ್ತಾರೆ. ಅಲ್ಲೀತನಕ ತೊಳೆದ್ರಾಯ್ತು."

ನನ್ನ ಗಂಡ ಮತ್ತೆ ಲೋಟಕ್ಕೆ ಕೈಹಾಕಿದ. ಒಂದು ಮಾತು, ಒಂದೇ ಒಂದು ಮಾತು ಆಡಬಹುದಿತ್ತು. ನಾನು ಅಳಲಿಲ್ಲ. ಅತ್ತಿದ್ದರೆ ಅವರು ಗೆದ್ದ ಹಾಗೆ.

ಅತ್ತೆ ಅಡುಗೆಮನೆಗೆ ಹೋದೊಡನೆ ಎದ್ದು ಅವರ ಕುರ್ಚಿಯಲ್ಲಿ ಕೂತೆ. ಅವರು ಉಂಡ ಸ್ಟೀಲ್ ತಟ್ಟೆ ಅಲ್ಲೇ ಇತ್ತು. ಅದರಲ್ಲೇ ಒಂದು ದಪ್ಪ ತುಂಡು ಕೇಕ್ ಹಾಕಿಕೊಂಡು ತಿನ್ನತೊಡಗಿದೆ.

ಅತ್ತೆ ವಾಪಸು ಬಂದವರು ಬಾಗಿಲಲ್ಲೇ ನಿಂತರು.

"ಥೂ, ಅದು ನನ್ನ ಎಂಜಲು ತಟ್ಟೆ ಕಣೇ! ಏಳು! ಏಳೇ ಮೇಲೆ, ತಲೆ ಕೆಟ್ಟಿದ್ಯಾ ನಿಂಗೆ?"

ಗಂಡನ ಲೋಟ ತುಟಿಯ ಹತ್ತಿರವೇ ನಿಂತಿತು. ತಾವು ಏನಂದೆವೆಂದು ಅತ್ತೆಗೂ ತಿಳಿಯಿತು. ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಏಳಲ್ಲ," ಎಂದೆ, ಬಾಯಿ ತುಂಬ ಕೇಕ್ ಇಟ್ಟುಕೊಂಡು. "ಇನ್ನೊಂದ್ಸಲ ಬೈಯಿರಿ, ನೋಡೋಣ."