ತಂತಿ ಕಟ್ಟಿದ ಗುಲಾಬಿ

ಆಸ್ಪತ್ರೆ ಕೆಲಸದಲ್ಲೇ ತಲೆ ಬೆಳ್ಳಗಾದ ನರ್ಸಕ್ಕ ಯಾವ ರೋಗಿಯ ಮುಂದೆಯೂ ಮೂಗು ಮುಚ್ಚಿಕೊಂಡವಳಲ್ಲ. ಕೀವು, ವಾಂತಿ, ಕೊಳೆತ ಕಾಲು, ಯಾವುದಕ್ಕೂ ಅವಳ ಕೈ ಹಿಂಜರಿಯುತ್ತಿರಲಿಲ್ಲ. ಹೊಸದಾಗಿ ಸೇರಿದ ಹುಡುಗಿಯರು ಹೊರಗೆ ಓಡಿ ಹೊಟ್ಟೆ ಖಾಲಿ ಮಾಡಿಕೊಂಡು ಬರುವಷ್ಟರಲ್ಲಿ ಇವಳು ಪಟ್ಟಿ ಕಟ್ಟಿ ಮುಗಿಸಿರುತ್ತಿದ್ದಳು. ಅಂಥವಳಿಗೆ ನಿವೃತ್ತಿಯಾದ ಮೇಲೆ ಎದುರು ಮನೆಯ ಅಂಗಳ ಕಂಡರೆ ಹೊಟ್ಟೆ ತೊಳೆಸುತ್ತಿತ್ತು. ಅಲ್ಲೇನೂ ಗಟಾರ ಹರಿಯುತ್ತಿರಲಿಲ್ಲ. ಒಂದು ಕೆಂಪು ಗುಲಾಬಿ ಗಿಡವಿತ್ತು, ಅದರ ಪಕ್ಕ ಕೈಕಟ್ಟಿ ನಿಲ್ಲುವ ತಂಗಿಯ ಗಂಡನಿದ್ದ.

ಗಿಡ ತಂಗಿಯದು. ಇಂಗ್ಲಿಷ್ ಗುಲಾಬಿ ಎಂದು ಹೇಳಿ ನರ್ಸರಿಯವನು ಕೊಟ್ಟಿದ್ದ. ಹೂವಿನಂಗಡಿಯ ನೀಳ ಕತ್ತಿನ ಗುಲಾಬಿಯಂತೆ ನೆಟ್ಟಗೆ ನಿಲ್ಲುವ ಜಾತಿಯಲ್ಲ ಅದು. ಪೊದೆಯಾಗಿ ಹರಡಿಕೊಳ್ಳುತ್ತಿತ್ತು, ಒಂದೊಂದು ಹೂವಿನಲ್ಲೂ ತುರುಕಿ ತುಂಬಿದಷ್ಟು ಎಸಳು, ಆ ಭಾರಕ್ಕೆ ಹೂವೇ ತಲೆ ತಗ್ಗಿಸುತ್ತಿತ್ತು. ಅರಳಿದಾಗ ಕಡುಗೆಂಪು, ಹಳತಾದರೆ ನೇರಳೆ, ಪರಿಮಳವಂತೂ ಬೀದಿಯ ತಿರುವಿಗೇ ಬಂದು ಕರೆಯುತ್ತಿತ್ತು. ತಂಗಿ ಚಳಿ ಮುಗಿಯುವ ಹೊತ್ತಿಗೆ ಕೊಂಬೆ ಸವರುತ್ತಿದ್ದಳು, ಬಾಡಿದ ಹೂವನ್ನು ಅಂದಂದೇ ಕಿತ್ತುಹಾಕುತ್ತಿದ್ದಳು, ಎಳೆ ಚಿಗುರಿಗೆ ಮುತ್ತುವ ಹಸಿರು ಹೇನುಗಳನ್ನು ಬೆರಳಲ್ಲೇ ಹೊಸಕುತ್ತಿದ್ದಳು. ಬುಡದಲ್ಲಿ ಕಸಿ ಕಟ್ಟಿದ ಗಂಟನ್ನು ಅಕ್ಕನಿಗೆ ತೋರಿಸಿ ಪಾಠವನ್ನೂ ಹೇಳಿದ್ದಳು. ಗಂಟಿನಿಂದ ಮೇಲೆ ಬಂದದ್ದು ನಮ್ಮ ಗಿಡ, ಕೆಳಗಿನಿಂದ ಬಂದದ್ದು ಕಾಡುಗುಲಾಬಿ. ಕಾಡಿನದನ್ನು ಬುಡಸಹಿತ ಸೀಳಿ ತೆಗೆಯದಿದ್ದರೆ ಅದು ಎಲ್ಲ ಸಾರವನ್ನೂ ಹೀರಿ ನಮ್ಮದನ್ನು ಕೊಂದುಬಿಡುತ್ತದೆ.

ತಂಗಿಯ ಗಂಡನದು ಫೋಟೋ ಸ್ಟುಡಿಯೋ. ಹೆಂಡತಿ ಬದುಕಿರುವವರೆಗೂ ಮುಳ್ಳು ಚುಚ್ಚುತ್ತದೆಂದು ಗಿಡದ ಹತ್ತಿರ ಸುಳಿಯದ ಆಸಾಮಿ. ಅವಳು ಕಾಯಿಲೆ ಬಿದ್ದಾಗ ನರ್ಸಕ್ಕ ಇನ್ನೂ ಬೇರೆ ಊರಿನ ಆಸ್ಪತ್ರೆಯಲ್ಲಿದ್ದಳು. ವಾರವಾರ ಅವನಿಂದ ಫೋಟೋ ಬರುತ್ತಿತ್ತು. ದಿಂಬಿಗೊರಗಿ ಕೂತ ತಂಗಿ, ಒಪ್ಪವಾಗಿ ಬಾಚಿದ ತಲೆ, ಮುಖಕ್ಕೆ ಪೌಡರು, ತುಟಿಗೆ ಬಣ್ಣ. ಚೆನ್ನಾಗಿದ್ದಾಳೆ, ರಜೆ ಹಾಕುವಂಥದ್ದೇನೂ ಇಲ್ಲ ಎಂದು ಫೋನಿನಲ್ಲಿ ಬೆಣ್ಣೆಯಂಥ ಮಾತು. ಮನಸ್ಸು ತಡೆಯದೆ ಒಂದು ದಿನ ಬಂದವಳು ಹೊದಿಕೆ ಸರಿಸಿ ನೋಡಿದರೆ ಬೆನ್ನ ಕೆಳಗೆ ಅಂಗೈಯಗಲದ ಹುಣ್ಣು, ಅದರೊಳಗೆ ಮೂಳೆ ಕಾಣುತ್ತಿತ್ತು. ವಾಸನೆ ಗೊತ್ತಾಗದಿರಲೆಂದು ಹಾಸಿಗೆಗೆಲ್ಲ ಸೆಂಟು ಹೊಡೆದಿದ್ದ. ನರ್ಸಕ್ಕ ಹುಣ್ಣು ತೊಳೆದಳು, ಮಗ್ಗುಲು ಬದಲಿಸಿದಳು, ಕೈಲಾದದ್ದೆಲ್ಲ ಮಾಡಿದಳು. ಆದರೆ ಹೊತ್ತು ಮೀರಿತ್ತು.

ತಂಗಿ ಹೋದ ಮೇಲೆ ಅವಳ ಬಟ್ಟೆಬರೆ, ಪಾತ್ರೆಪಗಡೆ ಯಾವುದನ್ನೂ ನರ್ಸಕ್ಕ ಕೇಳಲಿಲ್ಲ. ನಿವೃತ್ತಿಯಾಗಿ ಎದುರಿನ ಎರಡು ಕೋಣೆಯ ಬಾಡಿಗೆ ಮನೆಗೆ ಬಂದು, ಗಿಡವನ್ನು ನಾನು ನೋಡಿಕೊಳ್ಳುತ್ತೇನೆ ಎಂದಷ್ಟೇ ಕೇಳಿದಳು. ಅವನು ಒಪ್ಪಲಿಲ್ಲ. ಆ ಗಿಡವೇ ಅವಳು, ಅದಕ್ಕೆ ಕತ್ತರಿ ಮುಟ್ಟಿಸಿದರೆ ನನ್ನ ಜೀವ ನಿಲ್ಲುವುದಿಲ್ಲ ಎಂದು ಗೇಟಿನ ಹತ್ತಿರ ನಿಂತು, ದಾರಿಹೋಕರಿಗೆಲ್ಲ ಕೇಳುವಂತೆ ಹೇಳಿದ.

ಆಮೇಲೆ ಶುರುವಾಯಿತು ನೋಡಿ ಅವನ ಗುಲಾಬಿ ಸೇವೆ. ಸ್ಟುಡಿಯೋದ ಗಾಜಿನ ಹಿಂದೆ ಆಳೆತ್ತರದ ಫೋಟೋ ಬಂತು. ಗಿಡದ ಮುಂದೆ ಮಂಡಿಯೂರಿ, ಹೂವಿಗೆ ಕೆನ್ನೆ ತಾಗಿಸಿ, ಕಣ್ಣು ಮುಚ್ಚಿದ ಗಂಡ. ಗಂಡನೆಂದರೆ ಹೀಗಿರಬೇಕು ಎಂದು ಬೀದಿಯ ಹೆಂಗಸರು ನಿಟ್ಟುಸಿರುಬಿಟ್ಟರು. ಮದುವೆಯ ಫೋಟೋ ತೆಗೆಸುವ ಜೋಡಿಗಳೆಲ್ಲ ಅವನನ್ನೇ ಹುಡುಕಿಕೊಂಡು ಬಂದವು. ಮೂಲೆ ಮನೆಯ ಟೀಚರಮ್ಮ, ಅವರೂ ಒಂಟಿ ಜೀವವೇ, ಸಂಜೆಯ ಚಹಾಕ್ಕೆ ಅಲ್ಲಿಗೇ ಬರತೊಡಗಿದರು. ಗಿಡದಲ್ಲಿ ಯಾವ ದಿನ ನೋಡಿದರೂ ಹೂವು. ನರ್ಸಕ್ಕ ಕಿಟಕಿಯಿಂದ ನೋಡುತ್ತ, ಗೊಬ್ಬರವಿಲ್ಲ, ಸವರುವುದಿಲ್ಲ, ಆದರೂ ಬಿಡುತ್ತಿದೆಯಲ್ಲ ಎಂದು ಅಚ್ಚರಿಪಡುತ್ತಿದ್ದಳು. ತಂಗಿಯ ಗಿಡ ಉಳಿದರೆ ಸಾಕು ಎಂದು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಳು.

ತಂಗಿ ಹೋಗಿ ವರ್ಷ ತುಂಬಿದ ದಿನ ಅವನೇ ಬಂದು ಕರೆದ. ನಾಲ್ಕು ಜನ ಬರುತ್ತಾರೆ, ಅವರ ಮುಂದೆ ನಿಮಗೊಂದು ಕೊಂಬೆ ಕತ್ತರಿಸಿ ಕೊಡುತ್ತೇನೆ, ಒಂದು ಫೋಟೋ ಆಗಲಿ ಎಂದ. ಫೋಟೋದ ಮಾತಿಗೆ ಮೈ ಉರಿದರೂ ಕೊಂಬೆಯ ಆಸೆಗೆ ನರ್ಸಕ್ಕ ತಲೆಯಾಡಿಸಿದಳು. ಒದ್ದೆ ಬಟ್ಟೆ, ಕತ್ತರಿ, ಚಿಕ್ಕ ಗುದ್ದಲಿ ಹಿಡಿದು ಸ್ವಲ್ಪ ಮುಂಚೆಯೇ ಹೋದಳು. ಒಳಗೆ ಚಹಾದ ಕಪ್ಪುಗಳ ಸದ್ದು ಕೇಳುತ್ತಿತ್ತು. ಅಂಗಳದಲ್ಲಿ ಮೂರು ಕಾಲಿನ ಮೇಲೆ ಕ್ಯಾಮೆರಾ ನಿಂತಿತ್ತು.

ವರ್ಷದಿಂದ ಕಾದಿದ್ದ ಮೂಗನ್ನು ಹೂವಿನ ಹತ್ತಿರ ಒಯ್ದಳು. ಸೆಂಟು. ಅದೇ ಸೆಂಟು, ತಂಗಿಯ ಹಾಸಿಗೆಯದು. ಅದರ ಅಡಿಯಿಂದ ಇನ್ನೊಂದು ವಾಸನೆ, ಕೊಳೆತ ನೀರಿನದು. ಹೂವನ್ನು ಮೆಲ್ಲಗೆ ಎಳೆದರೆ ಸಲೀಸಾಗಿ ಕೈಗೆ ಬಂತು. ತೊಟ್ಟಿಗೆ ಹಸಿರು ತಂತಿ ಸುತ್ತಿತ್ತು, ತುದಿಯಲ್ಲಿ ಬೆರಳುದ್ದದ ಪ್ಲಾಸ್ಟಿಕ್ ನಳಿಗೆ, ಒಳಗೆ ಲೋಳೆಗಟ್ಟಿದ ನೀರು. ಹೂವಿನಂಗಡಿಯ ಮಾಲು. ಒಂದಲ್ಲ, ಗಿಡದ ಅಷ್ಟೂ ಹೂವು ಹಾಗೆಯೇ. ಲೋಳೆ ಅವಳ ಮಣಿಕಟ್ಟಿನ ಮೇಲೆ ಹರಿಯಿತು. ಆಸ್ಪತ್ರೆಯಲ್ಲಿ ಒಮ್ಮೆಯೂ ಬಾರದ ವಾಕರಿಕೆ ಈಗ ಗಂಟಲಿಗೆ ಬಂತು.

ಕೂತು ಬುಡದ ಮಣ್ಣು ಸರಿಸಿದಳು. ಸೊಂಪಾಗಿ ಬೆಳೆದಿದ್ದ ಕೊಂಬೆಗಳೆಲ್ಲ ಗಂಟಿನ ಕೆಳಗಿನಿಂದ ಬಂದವು, ಬರೀ ಕಾಡುಗುಲಾಬಿ. ಗಂಟಿನ ಮೇಲಿದ್ದವು ಕರಿಗಟ್ಟಿ ಒಣಗಿದ್ದವು. ಒಂದೊಂದನ್ನೇ ಉಗುರಿನಿಂದ ಗೀರಿದಳು, ಒಳಗೂ ಕಂದು. ಗೋಡೆಯ ಕಡೆ ಬಾಗಿದ್ದ ಒಂದು ಸಣಕಲು ಕೊಂಬೆ ಮಾತ್ರ ತೊಗಟೆಯಡಿ ಹಸಿರಾಗಿತ್ತು. ಅದರ ನಡುವಿಗೇ ಅವನು ತಂತಿ ಬಿಗಿದು ಕಾಡು ಕೊಂಬೆಗಳನ್ನೆಲ್ಲ ಆನಿಸಿದ್ದ. ತಂತಿ ಮಾಂಸಕ್ಕಿಳಿದ ಹಾಗೆ ತೊಗಟೆಯೊಳಗೆ ಇಳಿದಿತ್ತು. ತಂತಿಯ ಮೇಲೆ ಒಣಗಿತ್ತು, ಕೆಳಗೆ ಗೇಣುದ್ದ ಜೀವವಿತ್ತು.

ಇಲ್ಲೇ ಬಿಟ್ಟರೆ ಖಂಡಿತ ಸಾಯುತ್ತದೆ. ಈಗ ಕಿತ್ತರೂ ಸಾಯಬಹುದು. ನರ್ಸಕ್ಕ ಗುದ್ದಲಿ ಎತ್ತಿಕೊಂಡಳು. ಕಾಡು ಕೊಂಬೆಗಳನ್ನು ಒಂದೊಂದಾಗಿ ಸೀಳಿ ಎಸೆಯುತ್ತಿರುವಾಗ ಬಂದವರೆಲ್ಲ ಕಪ್ಪು ಹಿಡಿದೇ ಬಾಗಿಲಿಗೆ ಬಂದರು. ಅವನು ಓಡಿ ಬಂದು ಪಕ್ಕದಲ್ಲಿ ಕುಕ್ಕರಿಸಿ, ದನಿ ತಗ್ಗಿಸಿದ.

“ಅತ್ತಿಗೆ, ಜನ ನೋಡ್ತಿದ್ದಾರೆ. ಇದ್ರಿಂದ ಯಾರಿಗೇನು ನಷ್ಟ ಹೇಳಿ? ನೋಡೋರಿಗೊಂದು ಸಮಾಧಾನ, ಅಷ್ಟೇ.”

“ಅವಳ ಬೆನ್ನಿಗೂ ಇದೇ ಸೆಂಟು ಹೊಡೆದಿದ್ರಿ,” ಎಂದಳು ನರ್ಸಕ್ಕ. ಅವಳೇನೂ ದನಿ ತಗ್ಗಿಸಲಿಲ್ಲ.

ಟೀಚರಮ್ಮ ಕಾಲ ಬಳಿ ಬಿದ್ದಿದ್ದ ಹೂವನ್ನು ಎತ್ತಿ, ತಂತಿ ನೋಡಿದರು, ನಳಿಗೆ ನೋಡಿದರು, ಅರ್ಧ ಕುಡಿದ ಕಪ್ಪಿನ ಪಕ್ಕ ಅದನ್ನಿಟ್ಟು ಮನೆಗೆ ಹೋದರು. ಅವರ ಬೆನ್ನು ಕಾಣುತ್ತಲೇ ಅವನ ಮುಖ ಬಿಳಿಚಿತು. ಆದರೆ ಎಷ್ಟು ಹೊತ್ತು? ಉಳಿದವರ ಕಡೆ ತಿರುಗಿದಾಗ ಕಣ್ಣಲ್ಲಿ ನೀರಾಡುತ್ತಿತ್ತು. ಗಿಡ ಒಯ್ಯಲಿ ಬಿಡಿ, ಅಕ್ಕನ ಕರುಳು ಕೇಳಬೇಕಲ್ಲ ಎಂದು ಬಿಕ್ಕಿದ. ಬಿಕ್ಕುತ್ತಲೇ ಕ್ಯಾಮೆರಾದ ಗುಂಡಿ ಒತ್ತಿ ಬಂದು ಅವಳ ಹಿಂದೆ ನಿಂತ. ಮಣ್ಣುಗೈಯಲ್ಲಿ ಬೇರು ಹಿಡಿದು ಕೂತ ಅತ್ತಿಗೆ, ಅವಳ ಹಿಂದೆ ಕಣ್ಣೊರೆಸಿಕೊಳ್ಳುವ ಅವನು. ಮುಂದಿನ ವಾರ ಸ್ಟುಡಿಯೋದ ಗಾಜಿನ ಹಿಂದೆ ಆ ಫೋಟೋ ಬಂತು. ನರ್ಸಕ್ಕ ಅಂದಿನಿಂದ ಸ್ಟುಡಿಯೋದ ಬೀದಿಯನ್ನೇ ಬಿಟ್ಟು ಸುತ್ತಿಕೊಂಡು ಮಾರ್ಕೆಟ್ಟಿಗೆ ಹೋಗತೊಡಗಿದಳು.

ಗಿಡವನ್ನು ಮನೆಗೆ ತಂದು ದೊಡ್ಡ ಕುಂಡದಲ್ಲಿಟ್ಟು, ತಂತಿಯ ಕೆಳಕ್ಕೆ ಕತ್ತರಿಸಿ, ಹಿತ್ತಲ ನೆರಳಿಗೆ ಸರಿಸಿದಳು. ಬಹಳ ದಿನ ಅದು ನೆಟ್ಟ ಕಡ್ಡಿಯಂತಿತ್ತು. ಹಿತ್ತಲಿಗೆ ಹೋದಾಗಲೆಲ್ಲ ರೋಗಿಯನ್ನು ನೋಡಿದ ಹಾಗೆ ನೋಡುತ್ತಿದ್ದಳು. ಕೊನೆಗೆ ಗಂಟಿನ ಮೇಲೆ ಕೆಂಪನೆಯ ಚಿಗುರು ಮೂಡಿತು, ಎಲೆ ಬಿಟ್ಟಿತು, ಅದರ ಹಿಂದೆಯೇ ಒಂದು ಮೊಗ್ಗು. ಬಡಕಲು ಗಿಡದಲ್ಲಿ ಮೊದಲ ಮೊಗ್ಗನ್ನು ಚಿವುಟಬೇಕು, ಆಗಲೇ ಶಕ್ತಿ ಬೇರಿಗೆ ಇಳಿಯುವುದು. ಅದು ಗೊತ್ತಿದ್ದೂ ಅವಳಿಗೆ ಕೈ ಬರಲಿಲ್ಲ. ದಿನವೂ ನಾಳೆ ಚಿವುಟಿದರಾಯಿತು ಎಂದುಕೊಂಡಳು.

ಒಂದು ಬೆಳಿಗ್ಗೆ ಅದು ಅರಳಿತ್ತು. ತುರುಕಿ ತುಂಬಿದ ಎಸಳು, ಬಾಗಿದ ಕತ್ತು, ಹಿತ್ತಲ ತುಂಬ ತಂಗಿಯ ಅಂಗಳದ ಪರಿಮಳ. ಅಡುಗೆ ಮನೆಯ ಕೆಲಸ ಹಾಗೇ ಬಿಟ್ಟು ನರ್ಸಕ್ಕ ಮಣೆ ಹಾಕಿಕೊಂಡು ಎದುರಿಗೆ ಕೂತಳು. ಕಾಫಿಯೂ ಆರಿರಲಿಲ್ಲ, ಅಷ್ಟರಲ್ಲಿ ಗೇಟು ತೆಗೆದ ಸದ್ದು. ತಂಗಿಯ ಗಂಡ, ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಕ್ಯಾಮೆರಾ.

“ಬೀದಿಗೇ ಘಮ ಬಂತು ಅತ್ತಿಗೆ. ಅವಳೇ ಬಂದ ಹಾಗಾಯ್ತು. ನೀವು ಸ್ವಲ್ಪ ಆ ಕಡೆ ಸರ್ಕೊಳ್ಳಿ, ಒಂದೇ ಒಂದು ಫೋಟೋ.”

ಆಗಲೇ ಮಂಡಿಯೂರಿದ್ದ. ಒಂದು ಕಣ್ಣು ಕ್ಯಾಮೆರಾಕ್ಕೆ ಅಂಟಿತ್ತು, ಇನ್ನೊಂದರಲ್ಲಿ ಆಗಲೇ ನೀರು. ನರ್ಸಕ್ಕನಿಗೆ ಅವನ ಮೇಲೆ ಸಿಟ್ಟೂ ಬರಲಿಲ್ಲ, ಬರೀ ಹೇಸಿಗೆಯಾಯಿತು. ಕೈ ಚಾಚಿ, ತೊಟ್ಟಿಗೆ ಎರಡು ಉಗುರು ಕೊಟ್ಟು ಹೂವನ್ನು ಚಿವುಟಿ ಮುಷ್ಟಿಯಲ್ಲಿ ಮುಚ್ಚಿಕೊಂಡಳು.

“ಏನ್ಮಾಡಿದ್ರಿ? ಇದ್ದಿದ್ದೇ ಅದೊಂದು.”

“ಗಿಡಕ್ಕೆ ಇದು ಬೇಕಾಗಿರಲಿಲ್ಲ. ನಂಗೆ ಬೇಕಿತ್ತು, ಅದಕ್ಕೇ ಬಿಟ್ಟಿದ್ದೆ. ಎದ್ದು ಹೋಗಿ.”

ಅವನು ಎದ್ದ. ಬರೀ ಎಲೆಯ ಫೋಟೋ ಯಾರು ನೋಡುತ್ತಾರೆ? ಮಂಡಿಯ ಮಣ್ಣು ಕೊಡವಿಕೊಂಡು ಹೋದ. ನರ್ಸಕ್ಕ ಗೇಟಿಗೆ ಚಿಲಕ ಹಾಕಿ ಬಂದು ಮಣೆಯ ಮೇಲೆ ಕೂತು ಮುಷ್ಟಿ ಬಿಚ್ಚಿದಳು. ಎಸಳೆಲ್ಲ ನಲುಗಿ ಅಂಗೈಗೆ ಅಂಟಿಕೊಂಡಿದ್ದವು. ತಂಗಿ ಸತ್ತ ದಿನವೂ ಅಳದಿದ್ದವಳು ಈಗ ಅತ್ತಳು. ಒಂದು ದಿನ, ಒಂದೇ ಒಂದು ದಿನ ಅದನ್ನು ನೋಡುತ್ತ ಕೂರಬೇಕೆಂದಿದ್ದಳು. ಅದಕ್ಕೂ ಅವನು ಬಿಡಲಿಲ್ಲ.