ಗೋಡೆಯಾಚೆಯ ಖರ್ಜೂರ

ರಂಜಾನಿನ ಸಂಜೆ ಐದೂವರೆಗೆ ಅಮೆರಿಕದ ಸೈನಿಕರು ಬಾಗ್ದಾದಿನ ಆ ಬೀದಿಗೆ ಅಡ್ಡಲಾಗಿ ಕಾಂಕ್ರೀಟ್ ಗೋಡೆ ನಿಲ್ಲಿಸಿ ಮುಗಿಸಿ, ಅದರಲ್ಲಿದ್ದ ಒಂದೇ ಬಾಗಿಲನ್ನೂ ಮುಚ್ಚಿದರು. ಶಿಯಾ ಹೆಂಗಸು ಸಬೀಹಾ ಈಚೆ ಮನೆಯಲ್ಲಿ ಉಳಿದಳು. ಅಂಗಡಿಗೆ ಹೋಗಿದ್ದ ಅವಳ ಸುನ್ನಿ ಗಂಡ ವಲೀದ್ ಆಚೆ ಉಳಿದ.

"ಸುನ್ನಿಗಳಿಂದ ನಿಮ್ಮನ್ನ ಕಾಪಾಡೋಕೇ ಇದು, ಅಮ್ಮಾ," ಎಂದ ಸೈನಿಕರ ದುಭಾಷಿ.

"ಇಪ್ಪತ್ತು ವರ್ಷದಿಂದ ಸುನ್ನಿ ಜೊತೆ ಒಂದೇ ಹಾಸಿಗೇಲಿ ಮಲಗಿದೀನಿ. ಆಗೆಲ್ಲಿ ಹೋಗಿದ್ದೆಯೋ, ಕಾಪಾಡೋನೇ? ಗೋಡೆ ಬಾಗಿಲು ತೆಗಿ!"

"ಅಪ್ಪಣೆಯಿಲ್ಲ."

ಸುನ್ನಿಗಳು ಉಪವಾಸ ಬಿಡುವ ಬಾಂಗು ಕೇಳಿಸಿತು. ಶಿಯಾಗಳು ಉಪವಾಸ ಬಿಡುವುದು ಅದಾದ ಸ್ವಲ್ಪ ಹೊತ್ತಿಗೆ. ಮದುವೆಯಾದಾಗಿನಿಂದ ವಲೀದ್ ಖರ್ಜೂರ ಹಿಡಿದು ಅವಳಿಗಾಗಿ ಕಾಯುತ್ತಿದ್ದ.

"ಏ ಸಬೀಹಾ, ಕಾಯ್ತಿದೀನಿ ಕಣೇ!" ಎಂದು ಆಚೆಯಿಂದ ಕೂಗಿದ.

"ಕಾಯ್ಬೇಡ್ರೀ, ತಿನ್ನಿ! ನಾನೂ ಈಗಲೇ ತಿಂತೀನಿ. ಇವರ ಗೋಡೆ ಸಾಲದು ಅಂತ ನಮ್ಮದೂ ಒಂದು ಬೇಕಾ?"

ಅವಳು ಖರ್ಜೂರ ಬಾಯಿಗಿಟ್ಟಳು. ಬಾಗಿಲು ಮರುದಿನವೂ ತೆರೆಯಲಿಲ್ಲ.