ಎಪ್ಪತ್ತೆರಡರಲ್ಲೇ ನಿಂತ ಕರಿಯಮ್ಮ

ತರೀಕೆರೆಯ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುವ ರುದ್ರಮೂರ್ತಿ ಮೇಷ್ಟ್ರು, ಪ್ರಾಜೆಕ್ಟ್ ವರದಿಗಳ ರಟ್ಟು ನೋಡಿಯೇ ಸಹಿ ಹಾಕುವುದರಲ್ಲಿ ಪಳಗಿದವರು. ಈ ವರ್ಷ ವಿಶ್ವವಿದ್ಯಾಲಯದವರು ವರದಿಗಳನ್ನೆಲ್ಲ ಪೋರ್ಟಲ್‌ಗೆ ಏರಿಸಲು ಹೇಳಿ, ನಕಲು ಹಿಡಿಯಲು ಒಂದು ಸಾಫ್ಟ್‌ವೇರನ್ನೂ ಕೂರಿಸಿಬಿಟ್ಟಿದ್ದರು. ಮಧ್ಯಾಹ್ನದ ಟೀ ಬರುವ ಹೊತ್ತಿಗೆ ಪರದೆ ಕೆಂಪಾಯಿತು. ಸ್ಫೂರ್ತಿ, ಅಂತಿಮ ಬಿ.ಎ., ಹೋಲಿಕೆ ಶೇಕಡಾ ತೊಂಬತ್ತೆಂಟು. ಉಳಿದ ಎರಡು ಅವಳ ಹೆಸರು ಮತ್ತು ರಿಜಿಸ್ಟರ್ ನಂಬರು.

ಬೇರೆ ಹುಡುಗರು ಮೂರು ನಾಲ್ಕು ಪಿಡಿಎಫ್ ಕಲಸಿ ಸಾಫ್ಟ್‌ವೇರಿನ ಕಣ್ಣು ತಪ್ಪಿಸಿದ್ದರು. ಸ್ಫೂರ್ತಿ ಪ್ರಾಮಾಣಿಕವಾಗಿ ಒಂದನ್ನೇ ನಕಲು ಮಾಡಿದ್ದಳು.

ಮೇಷ್ಟ್ರು ಮೊದಲ ಸಲ ಒಳಗಿನ ಪುಟ ಓದಿದರು. ‘ರೈತ ಮಹಿಳೆಯ ದಿನಚರಿ. ಮಾಹಿತಿದಾರರು: ಕರಿಯಮ್ಮ, ವಯಸ್ಸು 72.’ ಏನೋ ಅನುಮಾನ ಬಂದು ಬೀರುವಿನಿಂದ ಹಳೆಯ ವರದಿಗಳನ್ನು ತೆಗೆದರು. ಆರು ವರ್ಷಗಳಿಂದ ಅದೇ ಕರಿಯಮ್ಮ. ಆರು ವರ್ಷಗಳಿಂದಲೂ ಎಪ್ಪತ್ತೆರಡೇ. ಎಲ್ಲದರ ಕೆಳಗೂ ತಮ್ಮದೇ ಸಹಿ.

ಸ್ಫೂರ್ತಿಗೆ ಕರೆ ಹೋಯಿತು.

“ಈ ಕರಿಯಮ್ಮನ್ನ ನೀನು ನೋಡಿದೀಯೇನಮ್ಮಾ?”

ಅವಳು ಬಗ್ಗಿ ಓದಿದಳು. ಊರಿನ ಹೆಸರನ್ನು ಎರಡು ಸಲ ಓದಿದಳು.

“ದಿನಾ ನೋಡ್ತೀನಿ ಸಾರ್. ಇದು ನಮ್ಮಜ್ಜಿ.”

“ಸುಳ್ಳಿಗೂ ಒಂದು ಮಿತಿ ಬೇಡ್ವಾ?”

“ದೇವ್ರಾಣೆ ಸಾರ್. ನೋಡಿ, ನಮ್ಮ ತಾತನ ಹೆಸರೂ ಐತೆ, ಬೀರಪ್ಪ ಅಂತ. ಕ್ಲಾಸಿನ ವಾಟ್ಸಾಪ್ ಗ್ರೂಪಲ್ಲಿ ಬಂದಿತ್ತು, ರಟ್ಟು ಬದಲಾಯ್ಸಿ ಕೊಟ್ಬಿಟ್ಟೆ. ಒಳಗೆ ಓದ್ಲಿಲ್ಲ.”

“ನಿನ್ನ ಹೆಸರಲ್ಲಿ ಕೊಟ್ಟಿದ್ದನ್ನ ನೀನೇ ಓದ್ಲಿಲ್ಲ!”

“ನೀವು ಓದಿದ್ರಾ ಸಾರ್?” ಕೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. “ಬೇಜಾರು ಮಾಡ್ಕೋಬೇಡಿ. ನೀವು ಕ್ಲಾಸಲ್ಲಿ ತೋರ್ಸೋ ಪಿಪಿಟಿ ಕೆಳಗೂ ಯಾವ್ದೋ ಮೇಡಂ ಹೆಸರಿರುತ್ತೆ. ಇದೂ ಹಂಗೇ ನಡೀತದೆ ಅಂದ್ಕೊಂಡ್ವಿ.”

ಮೇಷ್ಟ್ರು ಟೀ ಲೋಟದೊಳಗೆ ಏನೋ ಬಿದ್ದಂತೆ ನೋಡಿದರು. “ಐದು ಪೇಪರಿಗೆ ನಾನೊಬ್ಬನೇ ಕಣಮ್ಮಾ. ನೆಟ್ ಇಲ್ದಿದ್ರೆ ನಿಮಗೆ ಪಾಠವೇ ಇರ್ತಿರ್ಲಿಲ್ಲ.”

“ನಮಗೂ ಅಷ್ಟೇ ಸಾರ್. ಲೈಬ್ರರಿ ತೆಗೆಯೋ ಹೊತ್ಗೆ ಊರಿನ ಬಸ್ಸು ಹೊರಟಿರ್ತದೆ. ನಮ್ಮ ಲೈಬ್ರರಿ ಫೋನೇ.”

ಇಬ್ಬರ ಮಾತೂ ನಿಜವಾಗಿತ್ತು. ಆದರೂ ಪರದೆ ಕೆಂಪಗೇ ಇತ್ತು.

“ಸೋಮವಾರದೊಳಗೆ ಹೊಸದು ಕೊಡು. ಇಲ್ದಿದ್ರೆ ಫೇಲಾಗ್ತೀಯ, ಬಿ.ಎಡ್. ಸೀಟೂ ಹೋಗ್ತದೆ. ಇನ್ನು ಹಳೇ ಸಹಿಗಳ ವಿಷಯ... ಅದನ್ನ ನಾನು ನೋಡ್ಕೋತೀನಿ.”

ಭಾನುವಾರ ಬೆಳಿಗ್ಗೆ ಕರಿಯಮ್ಮ ಜಗಲಿಯಲ್ಲಿ ಕೂತು ತೆಂಗಿನ ಗರಿ ಹೆರೆದು ಪೊರಕೆಗೆ ಕಡ್ಡಿ ಮಾಡುತ್ತಿದ್ದರು.

“ಅಜ್ಜೀ, ನಿನ್ಮೇಲೆ ಬರ್ದವ್ರೆ, ಇಪ್ಪತ್ತು ಪುಟ.”

“ನನ್ಮೇಲಾ? ನಾನೇನು ತಪ್ಪು ಮಾಡಿದ್ನಂತೆ?”

ಸ್ಫೂರ್ತಿ ಫೋನು ತೆಗೆದು ಓದಿದಳು. ಈರುಳ್ಳಿ ಹೊಲದ ಕಳೆ, ರಾಗಿ ಕೊಯ್ಲು ಎಲ್ಲ ಬಂತು. ಅಜ್ಜಿ ಹೂಂಗುಟ್ಟುತ್ತ ಕಡ್ಡಿ ಹೆರೆಯುತ್ತಿದ್ದರು. ‘ಪತಿ ಬೀರಪ್ಪನವರು ಈಗಲೂ ಬೆಳಿಗ್ಗೆ ರೇಡಿಯೋ ಹಿಡಿದು ತೋಟಕ್ಕೆ ಹೋಗುತ್ತಾರೆ. ವಾರ್ತೆ ಮುಗಿಯುವ ಮೊದಲು ಯಾರಾದರೂ ಮಾತಾಡಿದರೆ ರೇಗುತ್ತಾರೆ.’

ಚಾಕು ನಿಂತಿತು. ಬೀರಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

“ಅದನ್ನ ಇನ್ನೊಂದ್ಸಲ ಓದೇ.”

ಓದಿದಳು.

“ರೇಗೋದನ್ನೂ ಬರ್ದವ್ನಾ!” ಅಜ್ಜಿ ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡರು. “ಹೊನ್ನೇಶ ಅಂತ, ಕಾಲೇಜು ಹುಡುಗ ಕಣೇ. ನೀನು ಆಗ ಹಾಸ್ಟೆಲ್‌ನಾಗಿದ್ದೆ. ಮೂರು ದಿನ ಬಂದ. ತಾತನ ಹಿಂದೆ ತೋಟಕ್ಕೂ ಹೋಗಿ ಬೈಸ್ಕೊಂಡು ಬಂದ.”

ಸ್ಫೂರ್ತಿ ಫೋನು ಕೆಳಗಿಟ್ಟಳು. ಆರು ವರ್ಷ ಬ್ಯಾಚಿನಿಂದ ಬ್ಯಾಚಿಗೆ ಯಾರೂ ಓದದೆ ದಾಟಿಸಿದ ಆ ಪಿಡಿಎಫ್‌ನಲ್ಲಿ ತಾತ ರೇಡಿಯೋ ಹಿಡಿದು ಓಡಾಡಿಕೊಂಡೇ ಇದ್ದರು. ಒಬ್ಬ ಹುಡುಗ ಬಂದು ಕೂತು ಕೇಳಿದ್ದಕ್ಕೆ. ಅವಳು ಒಳಗೆ ಹೋಗಿ ನೋಟ್‌ಬುಕ್ ತಂದಳು.

“ಅಜ್ಜೀ, ನಿನಗೀಗ ವಯಸ್ಸೆಷ್ಟು?”

“ಮೊದ್ಲು ಗರಿ ತಗೋ. ಕೈ ಆಡ್ತಾ ಇದ್ರೆ ಮಾತು ತಾನಾಗೇ ಬರ್ತದೆ.”

ಸೋಮವಾರ ಪರದೆ ಹಸಿರಾಯಿತು: ಹೋಲಿಕೆ ಶೇಕಡಾ ಎರಡು. ಅದು ಹೊನ್ನೇಶ ಬರೆದ ರೇಡಿಯೋದ ಸಾಲುಗಳು; ಕೆಳಗೆ ಅವನ ಹೆಸರಿತ್ತು. ಮುಂದಿನದು ಸ್ಫೂರ್ತಿಯದು: ‘ಕರಿಯಮ್ಮ, ವಯಸ್ಸು 78. ಬೀರಪ್ಪನವರು ಈಗಿಲ್ಲ. ರೇಡಿಯೋ ಇದೆ. ಈಗ ವಾರ್ತೆ ಹಾಕುವುದು ಕರಿಯಮ್ಮ. ನಡುವೆ ಮಾತಾಡಿದರೆ ಅವರೂ ರೇಗುತ್ತಾರೆ.’

ರುದ್ರಮೂರ್ತಿ ಕೊನೆಯ ಪುಟದವರೆಗೂ ಓದಿದರು. ಟೀ ಕೆನೆಗಟ್ಟಿತು. ಮರುದಿನ ಲ್ಯಾಪ್‌ಟಾಪ್ ಇಲ್ಲದೆ ಕ್ಲಾಸಿಗೆ ಬಂದ ಅವರು ಮೊದಲ ಹತ್ತು ನಿಮಿಷ ಕೈ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದರು. ಆಮೇಲೆ ಪಾಠ ಸಾಗಿತು.

ಅಂದು ಸಂಜೆ ಬಸ್ಸಿನಲ್ಲಿ ಗ್ರೂಪ್ ಸದ್ದು ಮಾಡಿತು. “ಲೇ ಸ್ಫೂರ್ತಿ, ಹೊಸ ಪಿಡಿಎಫ್ ಹಾಕೇ. ಜೂನಿಯರ್ಸ್ ಕೇಳ್ತಾವ್ರೆ.”

ಅವಳು ಟೈಪ್ ಮಾಡಿದಳು: “ಪಿಡಿಎಫ್ ಇಲ್ಲ. ಅಜ್ಜಿ ಅವ್ರೆ. ನಮ್ಮೂರಿಗೆ ಅಜ್ಜಂಪುರದಿಂದ ಒಂಬತ್ತೂವರೆ ಬಸ್ಸು. ಕಡ್ಡಿ ಹೆರೆಯೋಕೆ ರೆಡಿಯಾಗಿ ಬನ್ನಿ.”